ಬೇರೆ ಮನೆ ಮಾಡಿದ ರೋಬೋಟ್

ಕುರುಗೋಡಿನಲ್ಲಿ ಕೂತು ಅಂತರಿಕ್ಷದ ಕುಟುಂಬಗಳಿಗೆ ನ್ಯಾಯ ಹೇಳುವವರು ಜಗತ್ತಿನಲ್ಲಿ ಒಬ್ಬರೇ ಇರಬೇಕು. ಅವರು ನಮ್ಮ ಯಜಮಾನರ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ವಯಸ್ಸು ಎಂಬತ್ತು ದಾಟಿದೆ.

ಮೊಮ್ಮಗಳ ಜೊತೆ ಕೂತು ಮಕ್ಕಳ ಸೈನ್ಸ್ ಫಿಕ್ಷನ್ ಸೀರಿಯಲ್ ನೋಡುವುದನ್ನು ಕಲಿತರು. ತೆಲುಗಿಗೆ ಡಬ್ ಆದದ್ದು. ತವರು ಸಿರುಗುಪ್ಪದ ಕಡೆ, ತೆಲುಗು ಅವರಿಗೆ ಸಲೀಸು. (ನನಗೆ ಕಾನ್ವೆಂಟಿನ ಸಿಸ್ಟರ್‌ಗಳು ಇಂಗ್ಲಿಷ್ ಕಲಿಸಿದರು. ನನ್ನ ತೆಲುಗು ತರಕಾರಿ ಗಾಡಿಯ ಹತ್ತಿರವೇ ಮುಗಿಯುತ್ತದೆ.) ಮೊಮ್ಮಗಳು ದೊಡ್ಡವಳಾಗಿ ಸೀರಿಯಲ್ ಬಿಟ್ಟಳು. ಅಜ್ಜಿ ಬಿಡಲಿಲ್ಲ.

ಕಥೆ ಇಷ್ಟೇ. ಒಬ್ಬ ಕ್ಯಾಪ್ಟನಮ್ಮ, ಅವಳದೊಂದು ಹಡಗು, ಹಡಗಿನ ಗಿಡಗಳಿಗೆ ನೀರು ಹಾಕುವ ಕುಳ್ಳ ರೋಬೋಟ್. ಮಕ್ಕಳಿಗೆ ಆ ರೋಬೋಟೇ ಇಷ್ಟವಾಗಿ, ಅದಕ್ಕೆಂದೇ ಇನ್ನೊಂದು ಸೀರಿಯಲ್ ಬಂತು. ಈಗ ಅದರ ಸಂಸಾರ ಬೇರೊಂದು ಪುಟ್ಟ ಗ್ರಹದಲ್ಲಿ.

"ಇದಕ್ಕ ಸ್ಪಿನ್-ಆಫ್ ಅಂತಾರ್ರಿ ಅಕ್ಕಾ" ಎಂದು ಫೋನಿನಲ್ಲಿ ಟೀಚರಂತೆ ವಿವರಿಸಿದೆ.

"ಏನಾರ ಅನ್ಲಿ. ನಮ್ಮ ಕಡೆ ಬ್ಯಾರಿ ಆಗೋದು ಅಂತೀವಿ. ಹಿರೇ ಮನಿಯಾಕಿ ಬಂದು ಹಾಲು ಉಕ್ಕಿಸಬೇಕೋ ಬ್ಯಾಡೋ?"

ನಮ್ಮಲ್ಲಿ ಅದು ಪದ್ಧತಿ. ಬೇರೆಯಾದವರ ಹೊಸ ಒಲೆಯ ಮೇಲೆ ಹಿರಿಮನೆಯ ಹೆಂಗಸು ಮೊದಲ ಹಾಲು ಉಕ್ಕಿಸಿದರೆ, ಮನಸ್ತಾಪವಿಲ್ಲ ಎಂದು ಅರ್ಥ.

"ರೋಬೋಟ್ ಹಾಲು ಕುಡಿಯಂಗಿಲ್ರಿ."

"ಉಕ್ಕಿಸೋದು ಕುಡಿಯಾಕ ಏನಲೇ?"

ಅಲ್ಲಿಂದ ಪ್ರತಿ ವಾರ ಅವರಿಗೆ ಒಂದೇ ಚಿಂತೆ: ಕ್ಯಾಪ್ಟನಮ್ಮ ಬಂದಳೇ? ಗ್ರಹ ಎರಡು ಹೋಳಾಗುತ್ತಿದ್ದರೂ ಇವರ ಕಣ್ಣು ರೋಬೋಟಿನ ಮನೆಯ ಬಾಗಿಲ ಮೇಲೆ. ಎಪಿಸೋಡ್ ಮುಗಿದ ತಕ್ಷಣ ನನಗೆ ಫೋನು.

"ಈ ವಾರನೂ ಬರ್ಲಿಲ್ಲ. ಎಂಥಾ ಬಿಗುವಿನ ಹೆಂಗಸು ಆಕಿ."

"ಪುರುಸೊತ್ತು ಆಗಿರಂಗಿಲ್ಲ, ಅಕ್ಕಾ."

"ಆಕಿ ಹತ್ರ ಹಡಗು ಐತಿ. ಬಳ್ಳಾರಿಗೆ ಬರಾಕ ನಾನು ಬಸ್ಸಿಗೆ ಕಾಯಬೇಕು."

ಕೊನೆಯ ಎಪಿಸೋಡ್ ಇದ್ದ ದಿನವೇ, ಅದೇ ಹೊತ್ತಿಗೆ, ಬಳ್ಳಾರಿಯಲ್ಲಿ ಅವರ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಯಿತು. ಮುಂದೆ ಹಾಕಿಸಲು ಗಲಾಟೆ ಮಾಡಿದರು, ಡಾಕ್ಟರು ಒಪ್ಪಲಿಲ್ಲ. ಒಳಗೆ ಹೋಗುವಾಗ ನನ್ನ ಕಡೆ ತಿರುಗಿ, "ಕಣ್ಣು ಡಾಕ್ಟರು ನೋಡ್ಕೊಂತಾರ. ನೀ ಬಾಗಿಲ ನೋಡು" ಎಂದರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ನೋಡಿದೆ. ರೋಬೋಟ್ ಒಂದು ಬೀಜ ನೆಟ್ಟಿತು. ಮಕ್ಕಳು ಹಾಡಿದರು. ಮುಗಿಯಿತು. ಕ್ಯಾಪ್ಟನಮ್ಮನ ಹೆಸರು ಕೂಡ ಯಾರೂ ಎತ್ತಲಿಲ್ಲ.

ಅವರನ್ನು ಹೊರಗೆ ಕರೆತಂದರು, ಒಂದು ಕಣ್ಣಿಗೆ ಬಟ್ಟೆ ಕಟ್ಟಿತ್ತು. ಕೂರುವ ಮೊದಲೇ, "ಬಂದ್ಳೇನು?"

"ಬಂದ್ಳ್ರಿ" ಎಂದೆ. ಸುಳ್ಳು ಪಾಪವೆಂದು ಸಿಸ್ಟರ್‌ಗಳು ಹನ್ನೆರಡು ವರ್ಷ ಕಲಿಸಿದ್ದು ಒಂದು ಕ್ಷಣದಲ್ಲಿ ಹೋಯಿತು.

"ಹಾಲು ಉಕ್ಕಿಸಿದ್ಳು?"

"ಹೂಂ."

"ಯಾವ ದಿಕ್ಕಿಗೆ ಉಕ್ಕಿತು?"

"ಪೂರ್ವಕ್ಕ."

"ಅಲ್ಲಿ ಎರಡು ಸೂರ್ಯ ಅದಾವಲ್ಲ. ಯಾವುದರ ಪೂರ್ವ?"

ನಾನು ಅವರ ಚೀಲ ಎತ್ತಿಕೊಂಡೆ. ಅವರು ತಡವಿ ನನ್ನ ಕೈ ಹಿಡಿದರು.

"ಆಕಿ ಬಂದಿಲ್ಲ. ನಾನೂ ಬಂದಿದ್ದಿಲ್ಲ."

ಕುರುಗೋಡಿನ ಮನೆಯಿಂದ ಬೇರೆಯಾಗಿ ನಾವು ಬಳ್ಳಾರಿಯ ಗಾಂಧಿನಗರಕ್ಕೆ ಬಂದ ದಿನ, ಮಧ್ಯಾಹ್ನದವರೆಗೆ ಇವರಿಗಾಗಿ ಕಾದು, ಸೀಮೆಎಣ್ಣೆ ಸ್ಟೋವಿನ ಮೇಲೆ ಹಾಲು ನಾನೇ ಉಕ್ಕಿಸಿದ್ದೆ. ನಲವತ್ತು ವರ್ಷವಾಯಿತು. ಮದುವೆಗೆ, ಮುಂಜಿಗೆ, ಕಾಯಿಲೆಗೆ ಬಂದು ಹೋಗಿದ್ದಾರೆ. ಎಲ್ಲ ಸಲವೂ ಪಡಸಾಲೆಯಲ್ಲೇ ಕೂತು, ಅಲ್ಲೇ ಚಹಾ ಕುಡಿದು ಎದ್ದಿದ್ದಾರೆ. ಆ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಮನಿಗೆ ಹೋದಕೂಡ್ಲೆ ನಿನ್ನ ಅಡಿಗಿ ಮನ್ಯಾಗ ಕರ್ಕೊಂಡು ಹೋಗು. ಒಮ್ಮಿನೂ ನೋಡಿಲ್ಲ ನಾನು" ಎಂದರು.

ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರು. ಅದು ಅವರ ಕಣ್ಣಿಗೆ. ನನ್ನ ಕಣ್ಣಿನ ಬಗ್ಗೆ ಏನೂ ಹೇಳಿರಲಿಲ್ಲ.