ಕೌದಿಗೊಂದು ತುತ್ತು, ತಲೆಗೊಂದು ಸಿಂಬಿ

‘ಕುರುಗೋಡಿಗೆ ಹೋಗಾಕ ದಾರಿ ಯಾವ್ದವ್ವ?’

ಕಾಲುವೆ ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕಿ ಕುಡುಗೋಲು ನಿಲ್ಲಿಸಿ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. ‘ನೀ ಬಂದದ್ದ ದಾರಿ. ಹೊಳ್ಳಿ ಹೋಗು.’

ರೈಲ್ವೆಯಲ್ಲಿದ್ದ ಗಂಡನ ಪಾಸಿನಲ್ಲಿ ಅರ್ಧ ದೇಶ ಸುತ್ತಿದವಳು ನಾನು. ಕಲ್ಕತ್ತೆಯ ಗಲ್ಲಿಗಳಲ್ಲೂ ದಾರಿ ತಪ್ಪಿರಲಿಲ್ಲ. ಹುಟ್ಟೂರು ಬಳ್ಳಾರಿಯಿಂದ ಒಂದು ದಿನದ ನಡಿಗೆಯಲ್ಲಿ ತಪ್ಪಿದ್ದೆ. ಒಳ್ಳೆಯ ಕೆಲಸಕ್ಕೆ ಹೊರಟಾಗಲೆಲ್ಲ ನನಗೆ ಹೀಗೇ ಆಗುತ್ತದೆ. ಸುಮ್ಮನೆ ಮನೆಯಲ್ಲಿ ಕೂತಾಗ ಒಂದು ಸಲವೂ ಆದದ್ದಿಲ್ಲ.

೧. ಸಿಂಬಿ

ಕೆಲಸ ಇದು. ನನ್ನ ಸಾಲಿ ಗೆಳತಿ ನರ್ಸಮ್ಮ ಸಿರುಗುಪ್ಪದಲ್ಲಿ ನಾಲ್ಕು ಮಂಚದ ಹೆರಿಗೆ ಮನೆ ನಡೆಸುತ್ತಿದ್ದಳು. ಅಲ್ಲಿ ನೀರಿರಲಿಲ್ಲ. ಬಾಣಂತಿಯರ ಕಡೆಯವರು ಕಾಲುವೆಯಿಂದ ಕೊಡ ಹೊರುತ್ತಿದ್ದರು. ಬೇಸಿಗೆಯಲ್ಲಿ ಕಾಲುವೆ ನಿಲ್ಲುವುದರೊಳಗೆ ಅಂಗಳದಲ್ಲಿ ಒಂದು ಬೋರಿಂಗು ಕೊರೆಸದಿದ್ದರೆ ಬಾಗಿಲು ಹಾಕಬೇಕು ಎಂದು ಪತ್ರ ಬರೆದಿದ್ದಳು.

ನನಗೆ ಬರುವ ವಿದ್ಯೆ ಎರಡೇ. ನಡೆಯುವುದು, ಕೌದಿ ಹೊಲಿಯುವುದು. ಹಾಗಾಗಿ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ನಡೆದೇ ಹೊರಟೆ. ದಾರಿಯ ಊರುಗಳಲ್ಲಿ ಚಂದಾ ಎತ್ತುವುದು, ಜೊತೆಗೆ ಹಳೇ ಸೀರೆಯ ತುಂಡು ಕೇಳುವುದು, ಎಲ್ಲ ಜೋಡಿಸಿ ಕೌದಿ ಮಾಡಿ ಕೊನೆಗೆ ಹರಾಜು ಹಾಕುವುದು.

ಮುದುಕಿ ಎಲ್ಲ ಕೇಳಿಸಿಕೊಂಡಳು. ‘ನಡದ್ರ ಯಾಕ ರೊಕ್ಕ ಕೊಡ್ತಾರ? ನಾ ಹುಟ್ಟಿದಾಗಿಂದ ನಡ್ಯಾಕ ಹತ್ತೀನಿ. ಯಾರೂ ಕೊಟ್ಟಿಲ್ಲ.’

‘ನನಗ ನಡ್ಯಾದಂದ್ರ ಖುಷಿ ಯವ್ವ. ಆ ಖುಷಿಯಾಗ ಯಾರಿಗಾದ್ರೂ ಉಪಕಾರ ಆಗ್ಲಿ ಅಂತ.’

‘ನಮ್ಮ ಸೊಸಿನೂ ಈ ಸಲ ಅಲ್ಲೇ ಹಡ್ಯಾಕ ಹೋಗಾಕಿ,’ ಎಂದು ಮುದುಕಿ ತಲೆಯ ಮೇಲಿದ್ದ ಸಿಂಬಿಯನ್ನು ತೆಗೆದಳು. ಹೊರೆ ಒತ್ತದಿರಲಿ ಎಂದು ಹಳೇ ಹಸಿರು ಸೀರೆಯನ್ನು ಬಳೆಯ ಹಾಗೆ ಸುತ್ತಿದ್ದು. ‘ನನ್ನ ಮದುವಿ ಸೀರಿ. ಉಳಿದದ್ದು ಇಷ್ಟ. ತಗೋ. ಆದ್ರ ಬದಲಿ ಸಿಂಬಿ ತಂದುಕೊಡಬೇಕು ನೋಡು.’

‘ಹೊಳ್ಳಿ ಬರುವಾಗ ತರ್ತೀನಿ.’

‘ಹೋಗೋ ದಾರೀನ ಗೊತ್ತಿಲ್ಲದಾಕಿ ಹೊಳ್ಳಿ ಹೆಂಗ ಬರ್ತಿ?’

೨. ಬಸ್ಸು

ರಸ್ತೆಗೆ ಬಂದು ಬಿರಬಿರನೆ ನಡೆಯುತ್ತಿದ್ದೆ. ಹಿಂದಿನಿಂದ ಬಂದ ಬಸ್ಸು ತಾನಾಗಿ ನಿಂತಿತು. ‘ಅಕ್ಕಾರ, ಹತ್ರಿ,’ ಎಂದ ಕಂಡಕ್ಟರ್.

‘ನಾ ನಡಕೊಂಡೇ ಹೋಗಾಕಿ.’

ಅವನು ದನಿ ಇಳಿಸಿದ. ‘ರೊಕ್ಕ ಇಲ್ಲೇನ್ರಿ?’

‘ಐತಿ. ಆದ್ರ ಹತ್ತಂಗಿಲ್ಲ.’

ರೊಕ್ಕ ಇದ್ದೂ ಬಸ್ಸು ಹತ್ತದ ಹೆಂಗಸು ಎಂದರೆ ಒಂದೇ ಅರ್ಥ. ಕಿಟಕಿಯಿಂದ ಒಬ್ಬ ಅಜ್ಜಿ ತಲೆ ಹೊರಹಾಕಿದಳು. ‘ಗಂಡನ ಕೂಡ ಜಗಳಾಡಿ ಬಂದೀಯೇನವ್ವ? ಹೊಡದನೇನು?’

‘ಇಲ್ಲಬೇ. ಟಾಟಾ ಮಾಡಿ ಕಳಿಸ್ಯಾನ.’

‘ಹೊಡಿಯೋನಕಿಂತ ಟಾಟಾ ಮಾಡೋನು ಕೆಟ್ಟ,’ ಎಂದಳು ಅಜ್ಜಿ. ಬಸ್ಸಿನಲ್ಲಿ ಯಾರದೋ ಟವಲ್ಲು ಸೀಟಿಂದ ಸೀಟಿಗೆ ಹೋಯಿತು, ಚಿಲ್ಲರೆ ಬಿತ್ತು. ಕಂಡಕ್ಟರ್ ಅದನ್ನು ತಂದು ನನ್ನ ಕೈಗೆ ಸುರಿದು, ಮುಂದಿನ ಬಸ್ಸಾದರೂ ಹತ್ತಿರಿ ಎಂದು ಕೈಮುಗಿದ.

ನಡಿಗೆಗೆ ಬಂದ ಮೊದಲ ಚಂದಾ ಅದು. ನಾನು ನಡೆಯದಿರಲಿ ಎಂದು ಕೊಟ್ಟದ್ದು.

೩. ಅತ್ತೆ ಸೊಸೆ

ಕುರುಗೋಡಿನಲ್ಲಿ ಪರಿಚಯದವರ ಕಟ್ಟೆಯ ಮೇಲೆ ಹೊಲಿಯಲು ಕೂತೆ. ಓಣಿಯ ಹೆಂಗಸರೆಲ್ಲ ಸೂಜಿ ಹಿಡಿದು ಬಂದರು. ಒಬ್ಬ ಸೊಸೆ ಒಳ್ಳೆಯ ಕೆಂಪು ಇಳಕಲ್ ಸೀರೆಯ ತುಂಡು ಕೊಟ್ಟು ಹೋದಳು. ಮಧ್ಯಾಹ್ನ ಅವಳ ಅತ್ತೆ ಬಂದು ಹೊಲಿಯುತ್ತ ಹೊಲಿಯುತ್ತ ಕೆಂಪು ತುಂಡಿನ ಹತ್ತಿರ ಸೂಜಿ ನಿಲ್ಲಿಸಿದಳು.

‘ಇದು ಯಾರು ಕೊಟ್ರು?’

‘ನಿಮ್ಮ ಸೊಸಿ.’

‘ಹೌದಾ,’ ಎಂದಳು, ಬಹಳ ಶಾಂತವಾಗಿ. ಮನೆಗೆ ಹೋಗಿ ಬಂದಳು. ಕೈಯಲ್ಲಿ ಮಡಿಕೆಯೂ ಬಿಚ್ಚದ ನೈಲೆಕ್ಸ್ ಸೀರೆ. ನನ್ನ ಕತ್ತರಿ ತೆಗೆದುಕೊಂಡು ನಡುವಿನಿಂದಲೇ ಒಂದು ಗೇಣು ಕತ್ತರಿಸಿದಳು. ‘ನನ್ನ ಸೊಸೀದು. ನನ್ನ ಕೆಂಪು ಸೀರಿ ಬಾಜೂಕ ಹಚ್ರಿ. ಮನ್ಯಾಗಂತೂ ಕೂಡಿ ಇರಲಿಲ್ಲ, ಕೌದ್ಯಾಗರ ಇರ್ಲಿ.’

೪. ತುತ್ತು

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಚೂರು ರೊಟ್ಟಿ ಇಡಬೇಕು ಎನ್ನುತ್ತಿದ್ದರು ನಮ್ಮ ಹಿರಿಯರು. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರಂತೆ. ಸಿರುಗುಪ್ಪ ಮುಟ್ಟಿದ ಸಂಜೆ ಆ ಮೂಲೆಯನ್ನು ನರ್ಸಮ್ಮನಿಗೇ ಬಿಟ್ಟೆ. ಅವಳು ಚೂರು ಇಡಲಿಲ್ಲ. ಬೋರಿಂಗಿನಂಥ ದೊಡ್ಡ ಕೆಲಸಕ್ಕೆ ಜಿಪುಣತನ ಬೇಡವೆಂದು ಇಡೀ ಹೋಳಿಗೆ ಇಟ್ಟು ಹೊಲಿದಳು.

ಮರುದಿನ ಹರಾಜು. ಮೆತ್ತಗಿದೆಯೋ ನೋಡೋಣ ಎಂದು ರೈಸ್ ಮಿಲ್ಲಿನ ಸಾಹುಕಾರರು ಕೌದಿಯ ಮೇಲೇ ಕೂತರು. ಮಾಸ್ತರರೊಬ್ಬರು ಕೂಗಲು ನಿಂತರು. ಸಾಹುಕಾರರ ಕೈ ಫಟ್ಟನೆ ಕುತ್ತಿಗೆಗೆ ಹೋಯಿತು.

‘ಸಾಹುಕಾರ್ರು ಏರಿಸಿದ್ರು,’ ಎಂದರು ಮಾಸ್ತರರು.

ಕೈ ಬೆನ್ನಿಗೆ ಹೋಯಿತು. ‘ಮತ್ತ ಏರಿಸಿದ್ರು.’

ಆಗ ನರ್ಸಮ್ಮ ನನ್ನ ಮೊಣಕೈ ಹಿಡಿದಳು. ಹೋಳಿಗೆಯ ಮೂಲೆಯಿಂದ ಸಾಹುಕಾರರ ಅಂಗಿಯವರೆಗೆ ಕೆಂಪಿರುವೆಯ ಸಾಲು. ‘ಹೇಳೋಣೇನಲೇ?’ ಎಂದು ಪಿಸುಗುಟ್ಟಿದೆ.

‘ಬೋರಿಂಗಿನ ರೊಕ್ಕ ಆಗೋತನಕ ತಡಿ,’ ಎಂದಳು.

ಆಯಿತು. ಕೌದಿ ಸಾಹುಕಾರರ ಪಾಲಾಯಿತು. ಆಮೇಲೆ ಇಬ್ಬರೂ ಹೋಗಿ ಇರುವೆಯ ನಿಜ ಹೇಳಿದೆವು, ಬೇಡವಾದರೆ ಬಿಡಿ ಎಂದೆವು. ಸಾಹುಕಾರರು ಬೆನ್ನು ಕೆರೆದುಕೊಂಡು ನಕ್ಕರು. ‘ಕೊಟ್ಟ ಮಾತು ಕೊಟ್ಟೆ ಬಿಡ್ರಿ. ಆದ್ರ ಇಷ್ಟು ತುಟ್ಟಿ ಹೋಳಿಗಿ ನಾ ಜನ್ಮದಾಗ ಕಂಡಿಲ್ಲ. ಅದೂ ಇರುವಿ ತಿಂದ್ವು.’

೫. ಋಣ

ಕಾಲುವೆ ನಿಲ್ಲುವ ಮೊದಲೇ ಬೋರಿಂಗಿನಲ್ಲಿ ನೀರು ಬಂತು. ಉಳಿದದ್ದು ಸಿಂಬಿಯೊಂದೇ. ಕಲ್ಕತ್ತೆಯಲ್ಲಿ ಕೊಂಡ ನನ್ನ ಮೆತ್ತನೆಯ ನೂಲಿನ ಸೀರೆ ಹರಿದು ಸುತ್ತಿ ಹೊಲಿದು, ಮೂರು ಜನರನ್ನು ದಾರಿ ಕೇಳಿ, ಅದೇ ಕಾಲುವೆ ದಂಡೆಗೆ ಹೋದೆ. ಮುದುಕಿ ಅಲ್ಲೇ ಇದ್ದಳು, ಮೂರು ಹೊರೆ ಹುಲ್ಲು ಕಟ್ಟಿಟ್ಟುಕೊಂಡು.

ಸಿಂಬಿಯನ್ನು ಹಿಸುಕಿ ನೋಡಿದಳು. ‘ಮೆತ್ತಗೈತಿ. ಹೊರಿ ತಡೀತೈತೋ ಇಲ್ಲೋ.’

‘ಇಟ್ಟು ನೋಡು.’

‘ಹಂಗಾರ ಬಾಗು.’

ಬಾಗಿದೆ. ಸಿಂಬಿ ನನ್ನ ತಲೆಗೆ ಬಂತು, ಅದರ ಮೇಲೆ ಹುಲ್ಲಿನ ಹೊರೆ ಬಂತು. ‘ನಡಿ. ನಡ್ಯಾದು ನಿನಗ ಖುಷಿ, ಆ ಖುಷಿಯಾಗ ಯಾರಿಗಾದ್ರೂ ಉಪಕಾರ ಆಗ್ಲಿ ಅಂದಿದ್ದೆಲ್ಲ ನೀ,’ ಎಂದು ಕೈಬೀಸಿಕೊಂಡು ಮುಂದೆ ಹೊರಟಳು. ‘ನನ್ನ ಹಿಂದ ಬಾ. ದಾರಿ ನಿನಗ ಗೊತ್ತಿಲ್ಲ.’

ಒಂದೂವರೆ ಮೈಲಿ. ಮನೆಯ ಮುಂದೆ ಹೊರೆ ಇಳಿಸಿದಾಗ ಸೊಸೆ ಹಸುಗೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ‘ಯಾರತ್ತಿ ಈಕಿ?’

‘ಸಿಂಬಿ ಸಾಲ ತೀರಿಸಾಕ ಬಂದಾಳ,’ ಎಂದಳು ಮುದುಕಿ. ‘ಅಸಲು ಮುಟ್ಟೇತಿ. ಬಡ್ಡಿ ಇನ್ನೂ ಎರಡು ಹೊರಿ ದಂಡಿ ಮ್ಯಾಲ ಐತಿ.’