ನೀರಿಲ್ಲದ ಜಲಪಾತಕ್ಕೆ ಮಾವನವರು

ಹೊಗಳಿಕೆಗೆ ಆಸೆಪಡುವ ಮನುಷ್ಯ ನಾನಲ್ಲ ಎಂದು ಬಹಳ ದಿನ ನಂಬಿಕೊಂಡಿದ್ದೆ. ಆಫೀಸಿನಲ್ಲಿ ಬಾಸ್ ಬೆನ್ನು ತಟ್ಟಿದರೂ ಸರಿ, ತಟ್ಟದಿದ್ದರೂ ಸರಿ. ಹೆಂಡತಿಯಿಂದ ಹೊಗಳಿಕೆ ನಿರೀಕ್ಷಿಸುವ ವಯಸ್ಸಂತೂ ಎಂದೋ ದಾಟಿತ್ತು. ಆದರೆ ತೊಂಬತ್ತರ ದಶಕದ ಮೊದಲಲ್ಲಿ ನನ್ನ ಮಾವನವರು ಮೂರು ತಿಂಗಳ ಮಟ್ಟಿಗೆ ಮೈಸೂರಿನಿಂದ ಮೆಲ್ಬರ್ನಿಗೆ ಬಂದರು ನೋಡಿ, ನನ್ನ ವೈರಾಗ್ಯದ ಬಣ್ಣವೆಲ್ಲ ಬಯಲಾಯಿತು. ಅವರ ಬಾಯಿಂದ 'ಚೆನ್ನಾಗಿದೆ' ಎಂಬ ಒಂದೇ ಒಂದು ಮಾತು ಕೇಳಲು ನಾನು ಪಟ್ಟ ಪಾಡನ್ನು ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಮಾವನವರು ಲೋಕೋಪಯೋಗಿ ಇಲಾಖೆಯಲ್ಲಿ ಎಕ್ಸಿಕ್ಯೂಟಿವ್ ಎಂಜಿನಿಯರ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ಕಂಟ್ರಾಕ್ಟರುಗಳ ಕೆಲಸದಲ್ಲಿ ತಪ್ಪು ಹುಡುಕಿದ ಕಣ್ಣು, ನಿವೃತ್ತಿಯಾದರೂ ರಜೆ ತೆಗೆದುಕೊಂಡಿರಲಿಲ್ಲ. ಮೆಲ್ಬರ್ನಿನ ಹೊರವಲಯದ ಡ್ಯಾಂಡಿನಾಂಗಿನಲ್ಲಿದ್ದ ನಮ್ಮ ಮನೆಗೆ ಬಂದವರು ಶೂ ಬಿಚ್ಚುವ ಮೊದಲೇ ಹಾಲಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಟೊಳ್ಳು ಸದ್ದು ಬಂತು. "ಏನ್ರೀ ಇದು, ಗೋಡೆಯೋ ರಟ್ಟಿನ ಡಬ್ಬವೋ? ಇದಕ್ಕೆ ಇಪ್ಪತ್ತೈದು ವರ್ಷ ಮಾರ್ಟ್‌ಗೇಜಾ?" ಎಂದರು. ಸಿಡ್ನಿಗೆ ಕರೆದುಕೊಂಡು ಹೋದೆ. ಟೂಂಗಾಬಿಯ ಸ್ನೇಹಿತನ ಮನೆಯಲ್ಲಿ ಉಳಿದು, ಹಾರ್ಬರ್ ಬ್ರಿಡ್ಜ್ ತೋರಿಸಿದೆ. ತಲೆಯೆತ್ತಿ ಐದು ನಿಮಿಷ ನೋಡಿ, "ಕಬ್ಬಿಣ ಜಾಸ್ತಿ ಆಯ್ತು" ಎಂದರು. ಆಪರಾ ಹೌಸಿನ ಎದುರು ನಿಲ್ಲಿಸಿ ಅವರ ಮುಖವನ್ನೇ ನೋಡಿದೆ. ಅವರು ಕಟ್ಟಡವನ್ನು ಒಂದು ಸುತ್ತು ಹಾಕಿ ಬಂದು, "ಒಂದು ಸನ್‌ಶೇಡ್ ಇಲ್ವಲ್ರೀ" ಎಂದರು. ಆಸ್ಟ್ರೇಲಿಯಾ ದೇಶವನ್ನೇ ನಾನು ಗುತ್ತಿಗೆಗೆ ಹಿಡಿದು ಕಟ್ಟಿಸಿದ್ದೇನೋ ಎಂಬಂತೆ ಪ್ರತಿ ಸಲವೂ ನನಗೆ ಅವಮಾನವಾಗುತ್ತಿತ್ತು.

ಅವರು ಹೊರಡಲು ಎರಡು ವಾರ ಉಳಿದಿತ್ತು. ಮನುಷ್ಯ ಕಟ್ಟಿದ್ದರಲ್ಲಿ ತಾನೇ ತಪ್ಪು ಹುಡುಕುವುದು? ದೇವರು ಮಾಡಿದ್ದನ್ನು ತೋರಿಸೋಣ ಎಂದು ಟ್ರೆಂಥಮ್ ಜಲಪಾತವನ್ನು ಆರಿಸಿದೆ. ಮೆಲ್ಬರ್ನಿನ ವಾಯವ್ಯಕ್ಕೆ, ಹಳೆಯ ಜ್ವಾಲಾಮುಖಿಗಳೆಲ್ಲ ತಣ್ಣಗಾಗಿ ಗುಡ್ಡಗಳಾಗಿ ಮಲಗಿರುವ ಸೀಮೆ ಅದು. ಅಪಾಯವಿರಲಿಲ್ಲವೆಂದಲ್ಲ. ಕನ್ನಡಿಗನಿಗೆ ಜಲಪಾತ ತೋರಿಸುವುದು ಸುಲಭವಲ್ಲ. ನಯಾಗರಾದ ಮುಂದೆ ನಿಲ್ಲಿಸಿದರೂ ಅವನು "ನಮ್ಮ ಜೋಗದ ಮುಂದೆ ಇದೇನು ಬಿಡಿ" ಎನ್ನುತ್ತಾನೆ. ಆದ್ದರಿಂದ ನೀರು ಭೋರ್ಗರೆಯುವ ಕಾಲದಲ್ಲೇ ಹೋಗಬೇಕೆಂದು ಲೆಕ್ಕ ಹಾಕಿದೆ. ಜೋಗ ತುಂಬುವುದು ಆಗಸ್ಟಿನಲ್ಲಿ. ಇಲ್ಲಿ ಋತುಗಳೆಲ್ಲ ತಿರುಗುಮುರುಗು. ಅಂದಮೇಲೆ ಇಲ್ಲಿಯ ಜಲಪಾತ ತುಂಬುವುದು ಫೆಬ್ರವರಿಯಲ್ಲಿ, ಅಂದರೆ ಈಗಲೇ! ಈ ತರ್ಕ ನನಗೆ ಎಷ್ಟು ಮೆಚ್ಚುಗೆಯಾಯಿತೆಂದರೆ, ಯಾರನ್ನಾದರೂ ಒಂದು ಮಾತು ಕೇಳಬೇಕೆಂದು ಅನಿಸಲೇ ಇಲ್ಲ. ಈ ಸೀಮೆಯಲ್ಲಿ ಮಳೆ ಸುರಿಯುವುದು ಚಳಿಗಾಲದಲ್ಲಿ, ಅಂದರೆ ಇಲ್ಲೂ ಅದೇ ಆಗಸ್ಟಿನಲ್ಲಿ ಎಂಬ ಸಂಗತಿ, ನಾಲ್ಕು ವರ್ಷ ಇಲ್ಲಿ ಕೊಡೆ ಹಿಡಿದು ಓಡಾಡಿದ್ದರೂ ನನ್ನ ತಲೆಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಚಿತ್ರಾನ್ನ, ಮೊಸರನ್ನ, ಒಂದು ಬಾಟಲಿ ಉಪ್ಪಿನಕಾಯಿಯೊಂದಿಗೆ ಹೊರಟೆವು. ನೀರಿನ ಹನಿ ಸಿಡಿದರೆ ಇರಲಿ ಎಂದು ನಾನು ಎಲ್ಲರಿಗೂ ರೇನ್‌ಕೋಟ್ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಹುಲ್ಲು ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಮಾವನವರು ಕಿಟಕಿಯಿಂದ ಅದನ್ನೇ ನೋಡುತ್ತ ಕೂತಿದ್ದರು. ನಾನು ಮಾತ್ರ ಸ್ಟಿಯರಿಂಗ್ ಬಿಟ್ಟು ಕೈಬೀಸಿ ಭೋರ್ಗರೆತವನ್ನು ವರ್ಣಿಸುತ್ತಿದ್ದೆ.

ಕಾರಿನಿಂದ ಇಳಿದಾಗ ಸದ್ದೇ ಇರಲಿಲ್ಲ. ಕಟಕಟೆಯ ಬಳಿ ಹೋಗಿ ಇಣುಕಿದೆವು. ನೂರಡಿ ಎತ್ತರದ ಕರಿಬಂಡೆ. ಅದರ ಒಂದು ಮೂಲೆಯಲ್ಲಿ, ವಾಷರ್ ಸವೆದ ನಲ್ಲಿಯ ಹಾಗೆ, ನೀರು ತೊಟ್ಟಿಕ್ಕುತ್ತಿತ್ತು. ಏಳು ವರ್ಷದ ಮಗಳು, "ಡ್ಯಾಡಿ, ವೇರ್ ಈಸ್ ದ ವಾಟರ್‌ಫಾಲ್?" ಎಂದು ಕೇಳಿದಳು. ಹೆಂಡತಿ ವಸುಧಾ ರೇನ್‌ಕೋಟುಗಳನ್ನು ಸದ್ದಿಲ್ಲದೆ ಚೀಲಕ್ಕೆ ತುರುಕಿ, "ರೀ, ಫೋನ್ ಮಾಡಿ ಕೇಳಬಾರ್ದಿತ್ತಾ?" ಎಂದಳು. ನನಗೆ ಅಳು ಬರುವುದೊಂದು ಬಾಕಿ. ಜೋಗದ ಹೆಸರು ಈಗ ಬರುತ್ತದೆ, ಇನ್ನೊಂದು ಕ್ಷಣಕ್ಕೆ ಬರುತ್ತದೆ ಎಂದು ಕಣ್ಣುಮುಚ್ಚಿ ಕಾದೆ.

ಬರಲಿಲ್ಲ. ಕಣ್ಣು ಬಿಟ್ಟರೆ ಮಾವನವರೇ ಅಲ್ಲಿಲ್ಲ! ಎಪ್ಪತ್ತರ ಹಿರಿಯರು ಪಂಚೆ ಎತ್ತಿಕಟ್ಟಿ ಕಾಲುದಾರಿಯಲ್ಲಿ ಸರಸರನೆ ಕೆಳಗಿಳಿಯುತ್ತಿದ್ದರು. ಆಗೆಲ್ಲ ಬಂಡೆಯ ಬುಡದವರೆಗೂ ಇಳಿಯಬಹುದಿತ್ತು. ಏದುಸಿರು ಬಿಡುತ್ತ ಹಿಂದೆ ಓಡಿದೆ. ಅವರು ಬಂಡೆಗೆ ಮುಖ ತಾಗಿಸಿ ನಿಂತಿದ್ದರು. ಅದು ಬಂಡೆಯಲ್ಲ, ಒಂದರ ಪಕ್ಕ ಒಂದು ಒತ್ತಾಗಿ ನಿಲ್ಲಿಸಿದ ಕಲ್ಲಿನ ಕಂಬಗಳು. ಮಾವನವರು ಒಂದು ಕಂಬದ ಮುಖಗಳನ್ನು ಎಣಿಸಿದರು, ಆರು. ಪಕ್ಕದ್ದನ್ನು ಎಣಿಸಿದರು, ಆರು. ಗೇಣು ಹಾಕಿ ಅಳೆದರು. ಕಿರುಬೆರಳ ಉಗುರನ್ನು ಸಂದಿಗೆ ತೂರಿಸಲು ನೋಡಿದರು, ತೂರಲಿಲ್ಲ.

"ಸಿಮೆಂಟ್ ಇಲ್ಲ, ಗಾರೆ ಇಲ್ಲ. ಜಾಯಿಂಟ್ ನೋಡಿ ಹೇಗಿದೆ! ಯಾರ್ರೀ ಮಾಡಿದ್ದು?"

"ಲಾವಾ ಆರುವಾಗ ತಾನಾಗೇ ಹೀಗೆ ಸೀಳ್ಕೊಳ್ಳುತ್ತಂತೆ ಮಾವ," ಎಂದೆ. ಮೇಲಿನ ಫಲಕದಲ್ಲಿ ಆಗತಾನೆ ಓದಿದ್ದೆ.

"ಮೇಸ್ತ್ರಿ ಇಲ್ದೇನೇ?" ಎಂದವರು, ನಾನು ನೋಡನೋಡುತ್ತಿದ್ದಂತೆ ಬಂಡೆಯನ್ನು ಗೆಣ್ಣಿನಿಂದ ತಟ್ಟಿದರು. ಟೊಳ್ಳು ಸದ್ದು ಬರಲಿಲ್ಲ. ಆಗ ಬಂತು ನೋಡಿ ಆ ಮಾತು. "ಚೆನ್ನಾಗಿದೆ ಕಣ್ರೀ. ತುಂಬಾ ಚೆನ್ನಾಗಿದೆ. ಜೋಗದಲ್ಲಿ ಇದಿಲ್ಲ."

ಜೋಗದಲ್ಲಿ ಇದಿಲ್ಲ! ನನಗೆ ಕುಣಿದಾಡಬೇಕೆನಿಸಿತು. ಮಲ್ಪೆಯ ಎದುರಿನ ದ್ವೀಪದಲ್ಲಿ ಇಂಥವೇ ಕಂಬಗಳಿವೆ ಎಂಬುದು ಅದೇ ಗಳಿಗೆಯಲ್ಲಿ ನೆನಪಾಗಬೇಕೆ? ಪುಣ್ಯಕ್ಕೆ ಮಾವನವರ ಸರ್ವೀಸೆಲ್ಲ ಮೈಸೂರು, ಮಂಡ್ಯದಲ್ಲೇ ಕಳೆದಿತ್ತು. ಬಾಯಿ ಬಿಗಿಹಿಡಿದು ಎದೆಯುಬ್ಬಿಸಿ ನಿಂತೆ. ಅಲ್ಲಿಗೇ ನಿಲ್ಲಿಸಿದ್ದರೆ ಜಾಣನೆನಿಸಿಕೊಳ್ಳುತ್ತಿದ್ದೆ. ಗೆದ್ದ ಅಮಲಿನಲ್ಲಿ, "ನೀರಿದ್ರೆ ಬಂಡೆ ಕಾಣಲ್ಲ ಮಾವ. ಅದಕ್ಕೇ ನಿಮ್ಮನ್ನ ಬೇಕೂಂತಲೇ ಬೇಸಿಗೇಲಿ ಕರ್ಕೊಂಡು ಬಂದೆ," ಎಂದುಬಿಟ್ಟೆ. ಅವರು ನನ್ನನ್ನೊಮ್ಮೆ ನೋಡಿ, "ಓಹೋ" ಎಂದರು. ಆ ದಿನದ ಮೊಸರನ್ನದಷ್ಟು ರುಚಿಯಾದ ಊಟ ಇಷ್ಟು ವರ್ಷದಲ್ಲಿ ನಾನು ಉಂಡಿಲ್ಲ.

ಮರುದಿನ ಅವರು ಮೈಸೂರಿನ ಅಣ್ಣನಿಗೆ ನೀಲಿ ಏರೋಗ್ರಾಮ್ ಬರೆದರು. ನಮ್ಮ ಮನೆಗಳಲ್ಲಿ ಪತ್ರವೆಂದರೆ ಒಬ್ಬರದಲ್ಲವಷ್ಟೆ. ಕೊನೆಯ ಮಡಿಕೆಯಲ್ಲಿ ಮಗಳಿಗೆ ಎರಡು ಸಾಲು, ಅಳಿಯನಿಗೆ ಎರಡು ಸಾಲು ಜಾಗ ಬಿಡುವುದು ಪದ್ಧತಿ. ಪತ್ರ ಅಂಟಿಸದೆ ನನ್ನ ಕೈಗಿತ್ತು, "ನೀವೂ ಬರೀರಿ" ಎಂದರು. ಓದಿದೆ. "ಅಳಿಯಂದಿರು ನಿನ್ನೆ ಜಲಪಾತಕ್ಕೆ ಕರೆದುಕೊಂಡು ಹೋಗಿದ್ದರು. ನೀರು ಬರುವ ಕಾಲ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ದಾರಿಯ ಹುಲ್ಲು ನೋಡಿಯೇ ನನಗೆ ತಿಳಿಯಿತು, ಪಾಪ ಉತ್ಸಾಹದಲ್ಲಿದ್ದರು, ಹೇಳಲಿಲ್ಲ. ಆದರೆ ಅಲ್ಲಿಯ ಕಲ್ಲು ಬಹಳ ಚೆನ್ನಾಗಿದೆ. ಈ ದೇಶದಲ್ಲಿ ನಾನು ನೋಡಿದ್ದರಲ್ಲಿ ಅದೊಂದೇ ಪಕ್ಕಾ ಕೆಲಸ."

ಮಾವನವರು ಎದುರಿನ ಕುರ್ಚಿಯಲ್ಲಿ ಪೇಪರಿನ ಮರೆಯಲ್ಲಿ ಕೂತಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದೆ. ಹುಲ್ಲಿನ ಮಾತನ್ನು ಅಲ್ಲಗಳೆದರೆ ಕಲ್ಲಿನ ಮಾತಿಗೂ ಕುತ್ತು. ದೊಡ್ಡ ಮಾವನವರಿಗೆ ನಮಸ್ಕಾರ ತಿಳಿಸಿ, ಉಳಿದ ಒಂದು ಸಾಲಿನಲ್ಲಿ ದುಂಡಗೆ ಬರೆದೆ: "ಮಾವನವರು ಮೇಲೆ ಬರೆದಿರುವುದೆಲ್ಲವೂ ನಿಜ."