ಇಪ್ಪತ್ತಕ್ಕೆ ಇಪ್ಪತ್ತು

ಮೊದಲನೆಯ ಹಾಳೆಗೆ ಇಪ್ಪತ್ತಕ್ಕೆ ಇಪ್ಪತ್ತು ಬಂದಾಗ ಬ್ರದರ್‌ಗೆ ಖುಷಿಯಾಯಿತು. ಐದನೆಯದಕ್ಕೂ ಅಷ್ಟೇ ಬಂದಾಗ ಅನುಮಾನವಾಯಿತು. ಮೂವತ್ತನೆಯದಕ್ಕೂ ಅಷ್ಟೇ ಬಂದಾಗ ಕೆಂಪು ಪೆನ್ನು ಕೈಯಿಂದ ಜಾರಿ ಬಿತ್ತು.

ಮನೆಯಲ್ಲಿ ಒಡಹುಟ್ಟಿದವರಿಲ್ಲದ ಒಬ್ಬನೇ ಮಗ. ಆಸ್ಪತ್ರೆಗೆ ಕಾಲಿಟ್ಟರೆ ಊರಿಗೆಲ್ಲ ಬ್ರದರ್. ನರ್ಸಿಂಗ್‌ನಲ್ಲಿ ಮೇಲಿನ ಪದವಿಗಾಗಿ ಸಂಶೋಧನೆ ಮಾಡುತ್ತಿದ್ದ. ವಿಷಯ: ಗರ್ಭಿಣಿಯರ ಲಸಿಕೆ, ಮತ್ತು ಚುಚ್ಚಿಸಿಕೊಂಡವರು ತಲೆ ಸುತ್ತಿ ಬಿದ್ದರೆ ಪಕ್ಕದವರು ಮಾಡಬೇಕಾದ ತುರ್ತು ಆರೈಕೆ. ಮೂವತ್ತು ಗರ್ಭಿಣಿಯರಿಗೆ ಮೊದಲು ಪರೀಕ್ಷೆ, ಆಮೇಲೆ ಪಾಠ, ಮತ್ತೆ ಅದೇ ಪರೀಕ್ಷೆ. ಮೊದಲು ಗೊತ್ತಿರಬಾರದು, ಆಮೇಲೆ ಗೊತ್ತಾಗಬೇಕು. ನಡುವಿನ ಅಂತರವೇ ಅವನ ಪದವಿ. ಈಗ ನೋಡಿದರೆ ಪಾಠಕ್ಕೂ ಮೊದಲಿನ ಪರೀಕ್ಷೆಯಲ್ಲೇ ಎಲ್ಲರಿಗೂ ಪೂರ್ತಿ ಅಂಕ! ಇಂದೇ ಕೊನೆಯ ದಿನ. ಅಂತರ ಸೊನ್ನೆಯಾದರೆ ಇನ್ನೊಂದು ವರ್ಷ ಮಣ್ಣುಪಾಲು.

ಪಾಠದಲ್ಲಿ ತಡವರಿಸಬಾರದೆಂದು ಬೆಳಿಗ್ಗೆ ಎಂಟಕ್ಕೇ ಬಂದಿದ್ದ. ಚಿಲಕವಿದ್ದ ಕೋಣೆ ಒಂದೇ, ಟೋಕನ್ ಕೂಗುವ ಗೂಡು. ಅಲ್ಲಿ ಕುರ್ಚಿಯ ಕಾಲು, ಗಡಿಯಾರದ ಗಾಜು, ಸ್ವಿಚ್ಚು, ಎಲ್ಲ ನಿಂತಿದ್ದುದು ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರಿನ ದಯೆಯಿಂದ. ಈ ಆಸ್ಪತ್ರೆಗೆ ಬಡಗಿಯೂ ಅದೇ, ಕರೆಂಟಿನವನೂ ಅದೇ. ಬಾಗಿಲು ಹಾಕಿಕೊಂಡು, ಪ್ರಶ್ನೆಯೂ ತಾನೇ ಉತ್ತರವೂ ತಾನೇ ಆಗಿ ಮೂರು ಸಲ ಪಾಠ ಒಪ್ಪಿಸಿದ್ದ. ಪ್ರಶ್ನೆಪತ್ರಿಕೆಯಂತೂ ಬೀರುವಿನಲ್ಲಿ ಭದ್ರ, ಬೀಗದ ಕೈ ಜೇಬಿನಲ್ಲಿ.

ಹಾಗಾದರೆ ಬಯಲಾದದ್ದು ಹೇಗೆ? ಪೊಲೀಸ್ ನಾಯಿಯಂತೆ ಮೂಗು ಮುಂದೆ ಮಾಡಿ, ಬೆಳಿಗ್ಗೆಯಿಂದ ಗರ್ಭಿಣಿಯರು ಕಾದು ಕೂತಿದ್ದ ಹಾಲ್‌ಗೆ ಹೊರಟ.

ಮೊದಲು ಸಿಕ್ಕಿದ್ದು ನೆಲ ಒರೆಸುತ್ತಿದ್ದ ಆಯಾ. "ನನ್ನ ಯಾಕೆ ಹಂಗೆ ನೋಡ್ತೀರಿ ಬ್ರದರಪ್ಪ? ನಂಗೆ ಓದೋಕೇ ಬರಲ್ಲ!"

ಕಿಟಕಿ ಪಕ್ಕ ಒಬ್ಬ ಚೊಚ್ಚಲ ಬಸುರಿ ಕೂತಿದ್ದಳು. "ಅಕ್ಕಾ, ನಿಮಗೆ ಇದನ್ನೆಲ್ಲ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಚುಚ್ಚಿಸ್ಕೊಂಡ ಮೇಲೆ ಅರ್ಧ ಗಂಟೆ ಇಲ್ಲೇ ಕೂತಿರ್ಬೇಕು. ಹೌದೋ ಅಲ್ವೋ?"

"ಬಿದ್ದವರ ಬಾಯಿಗೆ ನೀರು ಸುರೀಬಾರ್ದು," ಪಕ್ಕದವಳು ದನಿಗೂಡಿಸಿದಳು. "ಹೌದೋ ಅಲ್ವೋ?"

ಬ್ರದರ್ ಬೆಚ್ಚಿದ. ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುವ ಆ 'ಹೌದೋ ಅಲ್ವೋ' ಬಾಲ ಇಡೀ ಲೋಕದಲ್ಲಿ ಒಬ್ಬರದೇ: ಅವನ ಸಂಶೋಧನೆಗೆ ಸಹಿ ಹಾಕಬೇಕಾದ ಗೈಡ್ ಮೇಡಂದು!

ಹನ್ನೊಂದಕ್ಕೆ ಮೇಡಂ ಬಂದರು. ಬ್ರದರ್ ಎದುರಿಗೆ ಹೋಗಿ ನಿಂತ. "ಮೇಡಂ, ತಪ್ಪು ತಿಳ್ಕೋಬೇಡಿ... ಪ್ರಶ್ನೆಪತ್ರಿಕೆ ನೀವೇನಾದ್ರೂ ಇವರಿಗೆ..."

"ನಾನಾ? ಇಪ್ಪತ್ತೆರಡು ವರ್ಷದಲ್ಲಿ ಇಂಥ ಮಾತು ನನಗೆ ಯಾರೂ ಆಡಿಲ್ಲ! ಮೊದಲು ಸಾಬೀತು, ಆಮೇಲೆ ಬಾಯಿ. ಹೌದೋ ಅಲ್ವೋ?"

ಆಯಾ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. "ಅಯ್ಯೋ, ಮೇಡಮ್ಮನ ಮೇಲೆ ಯಾಕೆ ಹಾಕ್ತೀರಿ? ಬೆಳಿಗ್ಗೆ ಮೈಕಲ್ಲಿ ಮೂರು ಸಲ ಪಾಠ ಮಾಡಿದ್ದು ನೀವೇ ಅಲ್ವಾ? ಮೊದಲನೇ ಸಲ ಯಾರಿಗೂ ತಲೆಗೆ ಹತ್ತಲಿಲ್ಲ. ಮೂರನೇ ಸಲಕ್ಕೆ ಎಲ್ರಿಗೂ ಬಾಯಿಪಾಠ."

"ಮೈಕಾ?"

"ಅದರ ಸ್ವಿಚ್ಚು ನಿಲ್ಲಲ್ಲ ಅಂತ ಪ್ಲಾಸ್ಟರ್ ಹಾಕಿ ಆನ್ ಮಾಡೇ ಇಟ್ಟಿದಾರಲ್ಲ, ವರ್ಷ ಆಯ್ತು."

ಬ್ರದರ್‌ಗೆ ಹಾಲ್ ಬುಗುರಿಯಂತೆ ತಿರುಗಿತು. ಧೊಪ್ಪನೆ ಬಿದ್ದ.

"ಗುಂಪು ಕಟ್ಟಬೇಡಿ, ಗಾಳಿ ಬಿಡಿ!" "ಕಾಲರ್ ಸಡಿಲಿಸಿ!" "ಎಡಮಗ್ಗುಲಿಗೆ ಹೊರಳಿಸಿ, ಹೊಟ್ಟೆ ಭಾರ ರಕ್ತನಾಳದ ಮೇಲೆ ಬೀಳಬಾರದು!" ಪಾಠ ಬರೆದದ್ದು ಬಸುರಿಯರಿಗೆ, ಅದರಲ್ಲಿ ಗಂಡಸರಿಗೆ ವಿನಾಯಿತಿ ಇರಲಿಲ್ಲ. ಆಗಷ್ಟೇ ಒಳಬಂದವಳೊಬ್ಬಳು ಮರುಕದಿಂದ ಕೇಳಿದಳು, "ಪಾಪ, ಎಷ್ಟು ತಿಂಗಳು?"

ಆಯಾ ಅವನ ಹೊಟ್ಟೆ ನೋಡಿ ಅಂದಳು, "ಇವರಿಗೆ ಹತ್ತು ವರ್ಷದ ಮೇಲಾಯ್ತು."

ಬ್ರದರ್ ಕಣ್ಣು ಬಿಟ್ಟಾಗ ಮೇಡಂ ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. "ಒಂದು ಹೆಜ್ಜೆ ತಪ್ಪಲಿಲ್ಲ ಕಣ್ರೀ! ಹಾಳೆಗಿಂತ ಇದೇ ದೊಡ್ಡ ಸಾಕ್ಷಿ. ಮೈಕಿನ ಕತೇನೂ ಸೇರಿಸಿ, ಆದದ್ದನ್ನ ಆದ ಹಾಗೇ ಬರೀರಿ. ನಾನು ಸಹಿ ಹಾಕ್ತೀನಿ."

ಪೆನ್ನಿನ ಮುಚ್ಚಳ ತೆರೆಯಿತು. ಬ್ರದರ್ ಎದ್ದು ಕೂತ. ಕೈಬಿಟ್ಟು ಹೋಗಿದ್ದ ವರ್ಷ ಹೋದ ದಾರಿಯಲ್ಲೇ ವಾಪಸ್ಸು ಬರುತ್ತಿತ್ತು.

"ಹಾಕಿ ಮೇಡಂ, ಪಾಪ," ಕಿಟಕಿ ಪಕ್ಕದವಳು ಶಿಫಾರಸು ಮಾಡಿದಳು. "ಪಾಠ ನಾಟಕದ ಥರ ಇತ್ತು. ಅದರಲ್ಲೂ ಪ್ರಶ್ನೆ ಕೇಳುವಾಗೆಲ್ಲ ನಿಮ್ಮ ಪಾರ್ಟು ಮಾಡಿದ್ರಲ್ಲ, ಆ ಮೂಗಿನ ರಾಗ! ನಕ್ಕೂ ನಕ್ಕೂ ಇಲ್ಲೇ ಹೆರಿಗೆ ಆಗ್ಬಿಡುತ್ತೇನೋ ಅನ್ನಿಸ್ತು."

ಪೆನ್ನಿನ ಮುಚ್ಚಳ 'ಟಿಕ್' ಎಂದು ಮುಚ್ಚಿಕೊಂಡಿತು.

"ಹೌದಾ?" ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಎಲ್ಲಿ, ನಂಗೂ ಸ್ವಲ್ಪ ಮಾಡಿ ತೋರ್ಸಿ."

ಬ್ರದರ್‌ಗೆ ಉಳಿದದ್ದು ಒಂದೇ ದಾರಿ. ಕಣ್ಣು ಮುಚ್ಚಿ ಮತ್ತೆ ನೆಲಕ್ಕೊರಗಿದ. ಈ ಸಲ ಎಡಮಗ್ಗುಲಿಗೆ, ತಾನಾಗಿಯೇ.

ಆಯಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವನ ಕೈಯನ್ನು ಮುಖದ ನೇರಕ್ಕೆ ಎತ್ತಿ ಬಿಟ್ಟಳು. ಕೈ ಮೂಗನ್ನು ನಾಜೂಕಾಗಿ ತಪ್ಪಿಸಿ ಪಕ್ಕಕ್ಕೆ ಬಿತ್ತು.

"ನಾಟಕ ಮೇಡಂ! ನಿಜವಾಗಿ ಎಚ್ಚರ ತಪ್ಪಿದ್ರೆ ಕೈ ಮೂಗಿನ ಮೇಲೇ ಬೀಳ್ಬೇಕಂತೆ. ಪಾಠದ ಕೊನೇಲಿ ಇವರೇ ಹೇಳಿದ್ರು."

ಮೂವತ್ತು ಮೂಗುಗಳಿಂದ ಒಟ್ಟಿಗೇ ಬಂತು: "ಹೌದೋ ಅಲ್ವೋ?"